ಕಂಡೂ ಕಾಣದ ಮೊಳಕೆ

ಕಣ್ಣೆದುರಿಗೆ ಇದ್ದುದೆಲ್ಲ ಕಣ್ಣಿಗೆ ಬೀಳುವುದಿಲ್ಲ ಎಂಬುದು ಲೋಕಾನುಭವದ ಮಾತು. ವೈದ್ಯಶಾಸ್ತ್ರದಲ್ಲಿ ಈ ಮಾತಿಗೆ ಪ್ರಾಣದ ಬೆಲೆಯಿದೆ. ಮನುಷ್ಯನ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ, ಒಳಗೆಲ್ಲ ಮಡಿಕೆಗಳಿರುವ ಒಂದು ಕೊಳವೆ. ಈ ಕೊಳವೆಯ ಒಳಗೋಡೆಯ ಮೇಲೆ ಕೆಲವರಿಗೆ, ವಿಶೇಷವಾಗಿ ಐವತ್ತು ವರ್ಷ ದಾಟಿದವರಿಗೆ, ಮೆಣಸಿನ ಕಾಳಿನಷ್ಟೋ ಕಡಲೆ ಕಾಳಿನಷ್ಟೋ ಗಾತ್ರದ ಮಾಂಸದ ಮೊಳಕೆಗಳು ಏಳುತ್ತವೆ. ವೈದ್ಯರು ಇವನ್ನು ಪಾಲಿಪ್ ಎಂದು ಕರೆಯುತ್ತಾರೆ. ಇವುಗಳಿಂದ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ, ತೊಂದರೆಯ ಸುಳಿವೂ ಇಲ್ಲ. ಬಹುಪಾಲು ಪಾಲಿಪ್‌ಗಳು ಇದ್ದ ಹಾಗೆಯೇ ಇದ್ದುಬಿಡುತ್ತವೆ. ಆದರೆ ಅಡಿನೋಮಾ ಎಂಬ ಜಾತಿಯ ಕೆಲವು ಮೊಳಕೆಗಳು ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ನಿಧಾನವಾಗಿ ಬೆಳೆದು ಕ್ಯಾನ್ಸರ್ ಆಗಿ ಮಾರ್ಪಡುತ್ತವೆ.

ಈ ಹತ್ತು ವರ್ಷಗಳ ಅವಧಿಯಲ್ಲಿಯೇ ಭರವಸೆ ಅಡಗಿದೆ. ಮೊಳಕೆಯನ್ನು ಹುಡುಕಿ ಕಿತ್ತುಹಾಕಿದರೆ ಆ ಕ್ಯಾನ್ಸರ್ ಬರುವುದೇ ಇಲ್ಲ. ಇತರ ಅನೇಕ ಕ್ಯಾನ್ಸರ್‌ಗಳಲ್ಲಿ ಬೇಗ ಪತ್ತೆ ಮಾಡುವುದೇ ದೊಡ್ಡ ಗೆಲುವಾದರೆ, ಇಲ್ಲಿ ಪತ್ತೆಯೇ ತಡೆಯೂ ಆಗುತ್ತದೆ. ಅಡ್ಡಿಯೆಂದರೆ ಒಂದೇ. ನುರಿತ ವೈದ್ಯರ ಕಣ್ಣೂ ಈ ಮೊಳಕೆಯನ್ನು ಎಷ್ಟೋ ಬಾರಿ ದಾಟಿ ಹೋಗುತ್ತದೆ. ಆ ಕಣ್ಣಿಗೆ ಕಂಪ್ಯೂಟರನ್ನು ಜೊತೆ ಕೊಡುವ ಪ್ರಯತ್ನಕ್ಕೆ ಈಗ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸದಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಂಡ್ಯದಲ್ಲಿ ಓದಿದ ಒಬ್ಬ ಎಂಜಿನಿಯರರ ಹೆಸರೂ ಇದೆ.

ಬೀಜ ಯಾವುದೆಂದು ತಿಳಿದದ್ದು

ಕರುಳಿನ ಕ್ಯಾನ್ಸರ್ ಆರೋಗ್ಯವಂತ ಗೋಡೆಯಿಂದ ಥಟ್ಟನೆ ಹುಟ್ಟುವುದಿಲ್ಲ, ಪಾಲಿಪ್‌ನಿಂದ ಬೆಳೆಯುತ್ತದೆ ಎಂಬ ತಿಳಿವಳಿಕೆ ಒಂದೇ ದಿನದಲ್ಲಿ ಬಂದದ್ದಲ್ಲ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿ 1920ರ ದಶಕದಲ್ಲಿ ಶಸ್ತ್ರಚಿಕಿತ್ಸಕ ಲಾಕ್‌ಹಾರ್ಟ್ ಮಮ್ಮರಿ ಮತ್ತು ರೋಗನಿದಾನ ತಜ್ಞ ಕತ್ಬರ್ಟ್ ಡ್ಯೂಕ್ಸ್ ಈ ದಾರಿಯಲ್ಲಿ ಮೊದಲ ಹೆಜ್ಜೆಗಳನ್ನಿಟ್ಟರು. ಕೆಲವು ಮನೆತನಗಳಲ್ಲಿ ಕರುಳಿನ ತುಂಬ ನೂರಾರು ಪಾಲಿಪ್‌ಗಳು ಏಳುವುದನ್ನೂ, ಅಂಥವರಿಗೆ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್ ಬರುವುದನ್ನೂ ಅವರು ಗಮನಿಸಿದರು. ಅದೇ ಆಸ್ಪತ್ರೆಯ ಬೇಸಿಲ್ ಮಾರ್ಸನ್ 1970ರ ದಶಕದಲ್ಲಿ ಮೊಳಕೆಯಿಂದ ಕ್ಯಾನ್ಸರಿನವರೆಗಿನ ಹಾದಿಯನ್ನು ವಿವರವಾಗಿ ತೋರಿಸಿಕೊಟ್ಟರು.

ಬೀಜ ಯಾವುದೆಂದು ತಿಳಿದರೆ ಸಾಲದು, ಅದನ್ನು ಜೀವಂತ ದೇಹದಲ್ಲಿ ನೋಡಬೇಕಲ್ಲ? 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣಗಳು ಮೂಳೆಯನ್ನು ಚೆನ್ನಾಗಿ ತೋರಿಸಿದವು. ಮೆತ್ತನೆಯ ಕರುಳು ಮಾತ್ರ ಅವುಗಳ ಚಿತ್ರದಲ್ಲಿ ಮಸುಕು ನೆರಳಾಯಿತು. ಆದ್ದರಿಂದ ಬೇರಿಯಂ ಎಂಬ ಸುಣ್ಣದ ತಿಳಿಯಂಥ ದ್ರವವನ್ನು ಗುದದ್ವಾರದ ಮೂಲಕ ತುಂಬಿಸಿ ಚಿತ್ರ ತೆಗೆಯುವ ರೂಢಿ ಬಂತು. 1923ರಲ್ಲಿ ಜರ್ಮನಿಯ ಫಿಷರ್ ಬೇರಿಯಂ ಜೊತೆಗೆ ಗಾಳಿಯನ್ನೂ ತುಂಬುವ ವಿಧಾನವನ್ನು ಪ್ರಕಟಿಸಿದರು. ಗೋಡೆಗೆ ತೆಳುವಾಗಿ ಬಳಿದ ಬೇರಿಯಂ, ನಡುವೆ ಗಾಳಿ. ಹೀಗಾದಾಗ ಗೋಡೆಯ ಮೇಲಿನ ಉಬ್ಬುಗಳು ಗೆರೆ ಎಳೆದಂತೆ ಕಾಣತೊಡಗಿದವು. ಅಷ್ಟಾದರೂ ಅದು ನೆರಳಿನ ಚಿತ್ರವೇ. ಪಾಲಿಪ್ ಯಾವುದು, ಉಳಿದುಕೊಂಡ ಮಲದ ಉಂಡೆ ಯಾವುದು ಎಂದು ಹೇಳುವುದು ಕಷ್ಟವಾಗಿತ್ತು. ಕಂಡರೂ ಅದನ್ನು ತೆಗೆಯಲು ಹೊಟ್ಟೆ ಸೀಳಬೇಕಾಗಿತ್ತು.

ಕೊಳವೆಯೊಳಗೆ ದೀಪ

ಈ ಕಷ್ಟವನ್ನು ಬಗೆಹರಿಸಿದ ಕತೆಯಲ್ಲಿ ಒಬ್ಬ ಭಾರತೀಯರ ಪಾತ್ರವಿದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ಕೆಲಸ ಮಾಡುತ್ತಿದ್ದಾಗ, ಕೂದಲೆಳೆಯಂಥ ಗಾಜಿನ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಬಾಗಿದ ಹಾದಿಯಲ್ಲೂ ಸಾಗಿಸಬಹುದೆಂದು 1954ರಲ್ಲಿ ತೋರಿಸಿದರು. ಮೂರು ವರ್ಷಗಳ ನಂತರ ಅಮೆರಿಕದಲ್ಲಿ ಬೇಸಿಲ್ ಹಿರ್ಷೊವಿಟ್ಜ್ ಇದೇ ತತ್ವದ ಮೇಲೆ, ಬಾಗುವ ಒಂದು ದರ್ಶಕವನ್ನು ಹೊಟ್ಟೆಯೊಳಗೆ ಇಳಿಸಿ ನೋಡಿದರು. ಮುಂದೆ ಅದು ಕರುಳಿಗೂ ಬಂತು. 1969ರಲ್ಲಿ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ವಿಲಿಯಂ ವುಲ್ಫ್ ಅವರ ಸಹೋದ್ಯೋಗಿ ಹಿರೋಮಿ ಶಿನ್ಯಾ ಇಂಥ ದರ್ಶಕದ ಮೂಲಕವೇ ತಂತಿಯ ಕುಣಿಕೆಯೊಂದನ್ನು ಹಾಯಿಸಿ, ಪಾಲಿಪ್‌ನ ಬುಡಕ್ಕೆ ಬಿಗಿದು, ವಿದ್ಯುತ್ತಿನಿಂದ ಕತ್ತರಿಸಿ ಹೊರತೆಗೆದರು. ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ. ಈ ಪರೀಕ್ಷೆಯ ಹೆಸರು ಕೊಲೊನೋಸ್ಕೋಪಿ.

ಇದರಿಂದ ನಿಜವಾಗಿ ಕ್ಯಾನ್ಸರ್ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಗೆ 1993ರಲ್ಲಿ ಉತ್ತರ ಬಂತು. ಸಿಡ್ನಿ ವಿನಾವರ್ ಮತ್ತು ಅವರ ತಂಡದ ಅಮೆರಿಕದ ಅಧ್ಯಯನದಲ್ಲಿ, ಅಡಿನೋಮಾಗಳನ್ನು ತೆಗೆಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ಹೋಲಿಕೆಯ ಗುಂಪುಗಳಿಗಿಂತ ಶೇಕಡಾ 76ರಿಂದ 90ರಷ್ಟು ಕಡಿಮೆಯಿತ್ತು. ವೈದ್ಯಲೋಕ ಸಂತೋಷಪಟ್ಟಿತು. ಶೇಕಡಾ ನೂರು ಏಕೆ ಆಗಲಿಲ್ಲ ಎಂಬ ಪ್ರಶ್ನೆ ಮಾತ್ರ ಉಳಿದುಕೊಂಡಿತು.

ದಾಟಿ ಹೋಗುವ ಕಣ್ಣು

1997ರಲ್ಲಿ ಡಗ್ಲಾಸ್ ರೆಕ್ಸ್ ಮತ್ತು ಅವರ ಸಂಗಡಿಗರು ಒಂದು ಸರಳ ಪ್ರಯೋಗದ ಫಲವನ್ನು ಪ್ರಕಟಿಸಿದರು. 183 ರೋಗಿಗಳಿಗೆ ಒಂದೇ ದಿನ, ಒಂದರ ಹಿಂದೊಂದರಂತೆ ಎರಡು ಬಾರಿ ಕೊಲೊನೋಸ್ಕೋಪಿ ಮಾಡಲಾಯಿತು. ಮೊದಲ ಸಲ ಕಂಡ ಪಾಲಿಪ್‌ಗಳನ್ನು ತೆಗೆದುಹಾಕಿ, ಎರಡನೆಯ ಸಲ ಎಷ್ಟು ಉಳಿದಿವೆ ಎಂದು ಎಣಿಸಲಾಯಿತು. ಅಡಿನೋಮಾಗಳಲ್ಲಿ ಶೇಕಡಾ 24ರಷ್ಟು ಮೊದಲ ಪರೀಕ್ಷೆಯ ಕಣ್ಣು ತಪ್ಪಿಸಿಕೊಂಡಿದ್ದವು. ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡವುಗಳಲ್ಲೂ ಶೇಕಡಾ 6ರಷ್ಟು ತಪ್ಪಿಹೋಗಿದ್ದವು. ಇವರಾರೂ ಕಲಿಯುವ ಹುಡುಗರಲ್ಲ, ಅನುಭವಿ ವೈದ್ಯರು.

ತಪ್ಪುವುದಕ್ಕೆ ಎರಡು ಕಾರಣಗಳುಂಟು. ಒಂದು, ಪಾಲಿಪ್ ಮಡಿಕೆಯ ಹಿಂದೆ ಅಡಗಿದ್ದು ತೆರೆಯ ಮೇಲೆ ಬರುವುದೇ ಇಲ್ಲ. ಇನ್ನೊಂದು, ಅದು ತೆರೆಯ ಮೇಲೆ ಬರುತ್ತದೆ, ಆದರೆ ನೋಡುವವರ ಗಮನ ಆ ಕ್ಷಣದಲ್ಲಿ ಬೇರೆ ಮೂಲೆಯಲ್ಲಿರುತ್ತದೆ. ಅಕ್ಕಿ ಆರಿಸುವವರಿಗೆ ಈ ಎರಡನೆಯ ಕಾರಣ ಚೆನ್ನಾಗಿ ಗೊತ್ತು. ಮೊರದಲ್ಲಿ ಕಲ್ಲು ಕಣ್ಣೆದುರಿಗೇ ಇರುತ್ತದೆ. ಊಟದಲ್ಲಿ ಹಲ್ಲಿಗೆ ಸಿಕ್ಕಿದ ಮೇಲೆ ಅದರ ಇರವು ತಿಳಿಯುತ್ತದೆ.

ಗಮನದ ಬೆಲೆಯನ್ನು ಅಳೆದ ಅಧ್ಯಯನಗಳೂ ಬಂದವು. 2006ರಲ್ಲಿ ಬಾರ್‌ಕ್ಲೇ ಮತ್ತು ಸಂಗಡಿಗರು, ದರ್ಶಕವನ್ನು ಹಿಂದಕ್ಕೆ ಎಳೆದುಕೊಳ್ಳುವಾಗ ಸರಾಸರಿ ಆರು ನಿಮಿಷ ಅಥವಾ ಹೆಚ್ಚು ಸಮಯ ತೆಗೆದುಕೊಳ್ಳುವ ವೈದ್ಯರು ಶೇಕಡಾ 28.3ರಷ್ಟು ರೋಗಿಗಳಲ್ಲಿ ಇಂಥ ಬೆಳವಣಿಗೆಗಳನ್ನು ಕಂಡರೆ, ಅವಸರದವರು ಶೇಕಡಾ 11.8ರಷ್ಟು ರೋಗಿಗಳಲ್ಲಿ ಮಾತ್ರ ಕಂಡರೆಂದು ತೋರಿಸಿದರು. 2014ರಲ್ಲಿ ಡಗ್ಲಾಸ್ ಕಾರ್ಲಿ ಅವರ ತಂಡದ ಲೆಕ್ಕ ಇನ್ನೂ ಮೊನಚಾಗಿತ್ತು. ಒಬ್ಬ ವೈದ್ಯರು ನೂರು ರೋಗಿಗಳಲ್ಲಿ ಎಷ್ಟು ಮಂದಿಯಲ್ಲಿ ಅಡಿನೋಮಾ ಪತ್ತೆ ಮಾಡುತ್ತಾರೆ ಎಂಬ ಪ್ರಮಾಣ ಒಂದೊಂದು ಅಂಶ ಹೆಚ್ಚಿದಂತೆಲ್ಲ, ಅವರ ರೋಗಿಗಳಿಗೆ ಮುಂದೆ ಕರುಳಿನ ಕ್ಯಾನ್ಸರ್ ಬರುವ ಸಂಭವ ಶೇಕಡಾ 3ರಷ್ಟು ಇಳಿಯುತ್ತಿತ್ತು. ಅಂದರೆ ರೋಗಿಯ ಭವಿಷ್ಯ ಅವನ ಕರುಳನ್ನು ಮಾತ್ರವಲ್ಲ, ಅದನ್ನು ನೋಡಿದ ಕಣ್ಣನ್ನೂ ಅವಲಂಬಿಸಿತ್ತು. ಯಂತ್ರದ ನೆರವನ್ನು ಹುಡುಕಲು ಇದಕ್ಕಿಂತ ದೊಡ್ಡ ಕಾರಣ ಬೇಕಾಗಿರಲಿಲ್ಲ.

ಮಂಡ್ಯದಿಂದ ಕ್ಯಾಲ್ಗರಿಗೆ

ಕ್ಷ-ಕಿರಣದ ಚಿತ್ರವನ್ನು ಯಂತ್ರದಿಂದ ಓದಿಸಬಹುದು ಎಂಬ ಯೋಚನೆ ಹಳೆಯದು. ಅಮೆರಿಕದ ಲೀ ಲಸ್ಟೆಡ್ 1955ರಲ್ಲೇ ಅದನ್ನು ಪ್ರಸ್ತಾಪಿಸಿದ್ದರು. 1967ರಲ್ಲಿ ವಿನ್ಸ್‌ಬರ್ಗ್ ಮತ್ತು ಸಂಗಡಿಗರು ಸ್ತನದ ಕ್ಷ-ಕಿರಣ ಚಿತ್ರಗಳನ್ನು, ಅಂದರೆ ಮ್ಯಾಮೊಗ್ರಾಮ್‌ಗಳನ್ನು, ಕಂಪ್ಯೂಟರಿಗೆ ಕೊಟ್ಟು ನೋಡಿದರು. ಆಗಿನ ಕಂಪ್ಯೂಟರುಗಳ ಶಕ್ತಿಗೆ ಅದು ನಿಲುಕುವ ಕೆಲಸವಾಗಿರಲಿಲ್ಲ. 1980ರ ದಶಕದಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಕುನಿಯೊ ಡೊಯಿ ಮತ್ತು ಅವರ ಬಳಗ ಗುರಿಯನ್ನು ಸ್ವಲ್ಪ ಬದಲಿಸಿತು. ಯಂತ್ರ ವೈದ್ಯರ ಜಾಗದಲ್ಲಿ ಕೂರುವುದು ಬೇಡ; ಅನುಮಾನದ ಸ್ಥಳಕ್ಕೆ ಗುರುತು ಹಾಕಲಿ, ತೀರ್ಮಾನ ವೈದ್ಯರದೇ ಇರಲಿ. ಕಂಪ್ಯೂಟರ್ ನೆರವಿನ ಪತ್ತೆ ಎಂಬ ಶಾಸ್ತ್ರ ಈ ವಿನಯದಿಂದ ಬೆಳೆಯಿತು.

ಇದೇ ಕಾಲದಲ್ಲಿ ಈ ಶಾಸ್ತ್ರದೊಳಗೆ ಬಂದವರು ರಂಗರಾಜ್ ಮಂಡಯಂ ರಂಗಯ್ಯನ್. 1955ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಎಂಜಿನಿಯರಿಂಗ್ ಓದಿದ್ದು ಮಂಡ್ಯದ ಪಿ.ಇ.ಎಸ್. ಕಾಲೇಜಿನಲ್ಲಿ. ಕೆ.ವಿ. ಶಂಕರಗೌಡರು 1962ರಲ್ಲಿ ಕಟ್ಟಿದ ಆ ಕಾಲೇಜು ಕಬ್ಬಿನ ಗದ್ದೆಗಳ ನಾಡಿನ ಮಕ್ಕಳಿಗೆ ತಾಂತ್ರಿಕ ಶಿಕ್ಷಣದ ಬಾಗಿಲು ತೆರೆದ ಸಂಸ್ಥೆ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಪದವಿ ಪಡೆದು ರಂಗಯ್ಯನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿ, 1980ರಲ್ಲಿ ಡಾಕ್ಟರೇಟ್ ಪಡೆದರು.

ಬೆಂಗಳೂರಿನಲ್ಲಿ ಅವರು ಕೈಗೆತ್ತಿಕೊಂಡದ್ದು ಚಿತ್ರವನ್ನಲ್ಲ, ಹೃದಯದ ವಿದ್ಯುತ್ ಗೆರೆಯನ್ನು. ಐ.ಎಸ್.ಎನ್. ಮೂರ್ತಿ ಅವರೊಡನೆ 1979ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯ, ಇಸಿಜಿಯಲ್ಲಿ ಅಕಾಲದಲ್ಲಿ ಬರುವ ಹೃದಯಬಡಿತವನ್ನು ಯಂತ್ರದಿಂದ ಗುರುತಿಸುವುದು. ಕರುಳಿಗೂ ಇದಕ್ಕೂ ಏನು ಸಂಬಂಧ ಎನಿಸಬಹುದು. ಸಮಸ್ಯೆಯ ಒಡಲು ಎರಡರಲ್ಲೂ ಒಂದೇ. ಸರಿಯಾದ ಬಡಿತಗಳು ಸಾವಿರಾರು, ತಪ್ಪು ಬಡಿತ ಯಾವಾಗಲೋ ಒಂದು. ಸರಿಯಾದ ಗೋಡೆ ಮೀಟರುಗಟ್ಟಲೆ, ಮೊಳಕೆ ಎಲ್ಲೋ ಒಂದು. ಹೀಗೆ ಸಹಜವಾದುದರ ರಾಶಿಯಲ್ಲಿ ಅಪರೂಪದ ಅಸಹಜವನ್ನು ಹುಡುಕುವಾಗ ಮನುಷ್ಯ ಬೇಸರಗೊಳ್ಳುತ್ತಾನೆ. ಯಂತ್ರಕ್ಕೆ ಬೇಸರವಿಲ್ಲ.

ಮುಂದೆ ಕೆನಡಾಕ್ಕೆ ಹೋದ ರಂಗಯ್ಯನ್ ಮ್ಯಾನಿಟೋಬಾದಲ್ಲಿ ಕೆಲಕಾಲ ಇದ್ದು, 1984ರಿಂದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು. ಅಲ್ಲಿ ಅವರ ದೀರ್ಘಕಾಲದ ಕೆಲಸ ಮ್ಯಾಮೊಗ್ರಾಮ್‌ಗಳ ಮೇಲೆ ನಡೆಯಿತು. 2005ರಲ್ಲಿ ಬಂದ ಅವರ 'ಬಯೋಮೆಡಿಕಲ್ ಇಮೇಜ್ ಅನಾಲಿಸಿಸ್' ವೈದ್ಯಕೀಯ ಚಿತ್ರಗಳ ವಿಶ್ಲೇಷಣೆಯನ್ನು ಕಲಿಸುವ ದೊಡ್ಡ ಪಠ್ಯಪುಸ್ತಕ.

ಅವರ ಕೆಲಸಗಳಲ್ಲಿ ಒಂದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಸ್ತನದೊಳಗಿನ ನಾರುಗಳು ಸಾಮಾನ್ಯವಾಗಿ ಒಂದು ಕ್ರಮದಲ್ಲಿ ಹರಿದಿರುತ್ತವೆ. ಕ್ಯಾನ್ಸರಿನ ಗಂಟು ಕಾಣಿಸಿಕೊಳ್ಳುವ ಮೊದಲೇ ಕೆಲವೊಮ್ಮೆ ಈ ನಾರುಗಳು ಒಂದು ಬಿಂದುವಿನ ಕಡೆಗೆ ಸೆಳೆದುಕೊಳ್ಳುತ್ತವೆ. ಹರಡಿದ ಬಟ್ಟೆಯನ್ನು ನಡುವೆ ಚಿವುಟಿ ಹಿಡಿದಾಗ ಸುತ್ತ ನಿರಿಗೆ ಏಳುವುದಿಲ್ಲವೇ, ಹಾಗೆ. ಈ ನಿರಿಗೆಗಳ ದಿಕ್ಕನ್ನು ಗಣಿತದಿಂದ ಅಳೆದು, ಅವು ಎಲ್ಲಿ ಕೂಡುತ್ತವೆ ಎಂದು ಹುಡುಕುವ ವಿಧಾನವನ್ನು ರಂಗಯ್ಯನ್ ಮತ್ತು ಅವರ ಶಿಷ್ಯರು ಬೆಳೆಸಿದರು. 2011ರಲ್ಲಿ ಅವರ ತಂಡ ಇದನ್ನು 56 ಮಹಿಳೆಯರ 106 ಹಳೆಯ ಮ್ಯಾಮೊಗ್ರಾಮ್‌ಗಳ ಮೇಲೆ ಪ್ರಯೋಗಿಸಿದ ವರದಿ ಪ್ರಕಟಿಸಿತು. ಈ ಮಹಿಳೆಯರಿಗೆ ಕ್ಯಾನ್ಸರ್ ಪತ್ತೆಯಾದದ್ದು ಒಂದು ತಪಾಸಣೆಗೂ ಮುಂದಿನ ತಪಾಸಣೆಗೂ ನಡುವಣ ಅವಧಿಯಲ್ಲಿ. ಹಳೆಯ ಚಿತ್ರಗಳನ್ನು ತೆಗೆದಾಗ ಯಾರೂ ಅವುಗಳಲ್ಲಿ ಕ್ಯಾನ್ಸರ್ ಗುರುತಿಸಿರಲಿಲ್ಲ. ಅವುಗಳಲ್ಲಿ ಅನೇಕ ಕಡೆ ನಿರಿಗೆಯ ಸುಳಿವು ಆಗಲೇ ಇತ್ತು ಎಂದು ಗಣಕ ತೋರಿಸಿತು. ಜೊತೆಗೆ, ಏನೂ ಇಲ್ಲದ ಜಾಗಗಳಿಗೂ ಅದು ಗುರುತು ಹಾಕಿತು. ಈ ಎರಡೂ ಮಾತುಗಳು ಕರುಳಿನ ಕತೆಯಲ್ಲೂ ಮರಳಿ ಬರುತ್ತವೆ.

ಬದು ಯಾವುದು, ಬೋರಲು ಬಟ್ಟಲು ಯಾವುದು

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಿತು. ಬೇರೆ ಬೇರೆ ದಿಕ್ಕಿನಿಂದ ಹಾಯಿಸಿದ ಕ್ಷ-ಕಿರಣಗಳ ಲೆಕ್ಕ ಹಾಕಿ, ದೇಹವನ್ನು ಬ್ರೆಡ್ಡಿನಂತೆ ಹೋಳು ಹೋಳಾಗಿ ತೋರಿಸುವ ವಿದ್ಯೆ ಇದು. 1979ರಲ್ಲಿ ಇದಕ್ಕೆ ನೊಬೆಲ್ ಬಹುಮಾನವೂ ಬಂತು. ಯಂತ್ರಗಳು ವೇಗವಾದ ಮೇಲೆ, 1994ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ವೈದ್ಯ ಡೇವಿಡ್ ವೈನಿಂಗ್ ಹೊಟ್ಟೆಯ ಈ ಹೋಳುಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸಿ, ಕರುಳಿನ ಒಳಗೆ ಹಾರಿಕೊಂಡು ಹೋಗುತ್ತಿರುವಂಥ ದೃಶ್ಯವನ್ನು ಸೃಷ್ಟಿಸಿ ತೋರಿಸಿದರು. ದರ್ಶಕವನ್ನು ಕರುಳಿನೊಳಗೆ ತೂರಿಸದೆಯೇ ಮಾಡುವ ಕೊಲೊನೋಸ್ಕೋಪಿ! ಹೊಟ್ಟೆ ಖಾಲಿ ಮಾಡಿಸುವ ಔಷಧಿ ಮತ್ತು ಗಾಳಿ ತುಂಬುವ ಸಣ್ಣ ನಳಿಕೆ ಮಾತ್ರ ತಪ್ಪಲಿಲ್ಲ.

ಒಬ್ಬೊಬ್ಬ ರೋಗಿಗೆ ನೂರಾರು ಹೋಳುಗಳು. ಇಷ್ಟನ್ನೂ ಏಕಾಗ್ರತೆಯಿಂದ ನೋಡುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ಗಣಕಕ್ಕೆ ಪಾಲಿಪ್ ಎಂದರೇನೆಂದು ಹೇಳಿಕೊಡುವ ಕೆಲಸ ಆರಂಭವಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೊನಾಲ್ಡ್ ಸಮರ್ಸ್, ಷಿಕಾಗೊದಲ್ಲಿ ಹಿರೊಯುಕಿ ಯೋಶಿದಾ ಮತ್ತು ಯಾನ್ನೆ ನಾಪ್ಪಿ ಇದರ ಮೊದಲಿಗರಲ್ಲಿ ಸೇರುತ್ತಾರೆ. 2001ರಲ್ಲಿ ಯೋಶಿದಾ ಮತ್ತು ನಾಪ್ಪಿ ಪ್ರಕಟಿಸಿದ ವಿಧಾನದ ತಿರುಳನ್ನು ತಿಳಿಯಲು ಹೊಲ ಮನೆಯ ಅನುಭವ ಸಾಕು.

ಕರುಳಿನ ಗೋಡೆಯ ಪ್ರತಿಯೊಂದು ಬಿಂದುವಿನಲ್ಲೂ ಮೇಲ್ಮೈ ಎರಡು ದಿಕ್ಕಿನಲ್ಲಿ ಎಷ್ಟು ಬಾಗಿದೆ ಎಂದು ಗಣಕ ಅಳೆಯುತ್ತದೆ. ಈ ಎರಡು ಬಾಗುಗಳಿಂದ ಐದು ಬಗೆಯ ಆಕಾರಗಳು ಒದಗುತ್ತವೆ. ಎರಡು ದಿಕ್ಕಿನಲ್ಲೂ ತಗ್ಗಿದ್ದರೆ ಅದು ಬೋಗುಣಿ. ಒಂದು ದಿಕ್ಕಿನಲ್ಲಿ ಮಾತ್ರ ತಗ್ಗಿದ್ದರೆ ನೇಗಿಲ ಸಾಲು. ಒಂದು ಕಡೆ ತಗ್ಗು, ಅಡ್ಡಕ್ಕೆ ಉಬ್ಬು ಇದ್ದರೆ ಕುದುರೆಯ ಜೀನು. ಒಂದು ದಿಕ್ಕಿನಲ್ಲಿ ಮಾತ್ರ ಉಬ್ಬಿದ್ದರೆ ಗದ್ದೆಯ ಬದು. ಎರಡು ದಿಕ್ಕಿನಲ್ಲೂ ಉಬ್ಬಿದ್ದರೆ ಬೋರಲು ಹಾಕಿದ ಬಟ್ಟಲು. ಸಹಜವಾದ ಗೋಡೆ ಬೋಗುಣಿ ಅಥವಾ ಸಾಲಿನ ಹಾಗೆ ಇರುತ್ತದೆ. ಸಹಜವಾದ ಮಡಿಕೆ ಬದುವಿನ ಹಾಗೆ ಉದ್ದಕ್ಕೆ ಓಡುತ್ತದೆ. ಪಾಲಿಪ್ ಮಾತ್ರ ಬೋರಲು ಬಟ್ಟಲಿನ ಹಾಗೆ ಉಬ್ಬಿ ನಿಲ್ಲುತ್ತದೆ. ಈ ಆಕಾರಗಳಿಗೆ ಸೊನ್ನೆಯಿಂದ ಒಂದರವರೆಗೆ ಅಂಕ ಕೊಟ್ಟು, ಒಂದರ ಹತ್ತಿರ ಬಂದ ತಾಣಗಳನ್ನೆಲ್ಲ ಗಣಕ ಅನುಮಾನದ ಪಟ್ಟಿಗೆ ಸೇರಿಸುತ್ತದೆ.

ಅನುಮಾನವೆಲ್ಲ ನಿಜವಲ್ಲ. ಗೋಡೆಗಂಟಿದ ಮಲದ ಉಂಡೆಯೂ ಬೋರಲು ಬಟ್ಟಲೇ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿನ ಕವಾಟವೂ ಉಬ್ಬಿಯೇ ಇರುತ್ತದೆ. ಆದ್ದರಿಂದ ಒಳಗಿನ ಸಾಂದ್ರತೆ, ಗಾಳಿಯ ಗುಳ್ಳೆ ಮುಂತಾದವನ್ನು ನೋಡಿ ಸೋಸುವ ಎರಡನೆಯ ಜರಡಿ ಬೇಕಾಯಿತು. 2003ರಲ್ಲಿ ಪೆರ್ರಿ ಪಿಕ್‌ಹಾರ್ಟ್ ನೇತೃತ್ವದಲ್ಲಿ 1,233 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ಒಂದು ಸೆಂಟಿಮೀಟರ್ ಅಥವಾ ಅದಕ್ಕೂ ದೊಡ್ಡ ಅಡಿನೋಮಾಗಳಿದ್ದವರನ್ನು ಗುರುತಿಸುವಲ್ಲಿ ಸಿ.ಟಿ. ವಿಧಾನ ದರ್ಶಕಕ್ಕಿಂತ ಹಿಂದೆ ಬೀಳಲಿಲ್ಲ. ಒಂದು ವ್ಯತ್ಯಾಸ ಮಾತ್ರ ಉಳಿಯಿತು. ಸಿ.ಟಿ.ಯಲ್ಲಿ ಪಾಲಿಪ್ ಕಂಡರೆ ತೆಗೆಯಲು ಮತ್ತೆ ದರ್ಶಕಕ್ಕೇ ಹೋಗಬೇಕು.

ಹೇಳಿಕೊಟ್ಟದ್ದರಿಂದ ಕಲಿತದ್ದಕ್ಕೆ

ದರ್ಶಕದ ಚಲಿಸುವ ಚಿತ್ರದಲ್ಲೇ, ಪರೀಕ್ಷೆ ನಡೆಯುತ್ತಿರುವಾಗಲೇ, ಪಾಲಿಪ್ ಗುರುತಿಸುವುದು ಇನ್ನೂ ಕಷ್ಟದ ಕೆಲಸ. ಅಲ್ಲಿ ಬೆಳಕು ಕುಣಿಯುತ್ತದೆ, ನೀರು ಚಿಮ್ಮುತ್ತದೆ, ಗೋಡೆ ಅಲುಗುತ್ತದೆ. ಹೊಸ ಶತಮಾನದ ಆರಂಭದಲ್ಲಿ ಬಣ್ಣ ಮತ್ತು ಮೇಲ್ಮೈಯ ನೇಯ್ಗೆಯನ್ನು ಅಳೆದು ಗುರುತಿಸಲು ಹಲವರು ಯತ್ನಿಸಿದರು. ಆಗಿನ ಕ್ರಮ ಒಂದೇ. ಪಾಲಿಪ್ ಹೀಗಿರುತ್ತದೆ ಎಂದು ಮನುಷ್ಯ ನಿಯಮ ಬರೆಯುವುದು, ಗಣಕ ಅದನ್ನು ಪಾಲಿಸುವುದು. 2012ರ ನಂತರ ಈ ಕ್ರಮವೇ ತಿರುವುಮುರುವಾಯಿತು. ಪದರ ಪದರವಾದ ಕೃತಕ ನರಜಾಲಗಳಿಗೆ ಪಾಲಿಪ್ ಇರುವ, ಇಲ್ಲದ ಸಾವಿರಾರು ಚಿತ್ರಗಳನ್ನು ಕೊಟ್ಟರೆ, ನಿಯಮವನ್ನು ಅವೇ ಕಂಡುಕೊಳ್ಳತೊಡಗಿದವು. ಮಗುವಿಗೆ ಹಸುವಿನ ಲಕ್ಷಣಗಳನ್ನು ಯಾರೂ ಪಟ್ಟಿ ಮಾಡಿ ಹೇಳುವುದಿಲ್ಲ. ಹತ್ತು ಹಸು ತೋರಿಸಿದರೆ ಹನ್ನೊಂದನೆಯದನ್ನು ಅದೇ ಗುರುತಿಸುತ್ತದೆ. ಯಂತ್ರಕ್ಕೆ ಹತ್ತು ಸಾಲದು, ಸಾವಿರಗಟ್ಟಲೆ ಬೇಕು.

2018ರಲ್ಲಿ ಕ್ಯಾಲಿಫೋರ್ನಿಯಾದ ತಂಡವೊಂದು 8,641 ಚಿತ್ರಗಳಿಂದ ಕಲಿಸಿದ ಇಂಥ ಜಾಲ ಶೇಕಡಾ 96ರಷ್ಟು ನಿಖರತೆ ತೋರಿತು. 2019ರಲ್ಲಿ ಚೀನಾದ ಸಿಚುವಾನ್‌ನಲ್ಲಿ 1,058 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದ ಫಲ ಬಂತು. ಗಣಕದ ನೆರವಿದ್ದ ಗುಂಪಿನಲ್ಲಿ ಶೇಕಡಾ 29.1 ಮಂದಿಯಲ್ಲಿ, ಇಲ್ಲದ ಗುಂಪಿನಲ್ಲಿ ಶೇಕಡಾ 20.3 ಮಂದಿಯಲ್ಲಿ ಅಡಿನೋಮಾ ಪತ್ತೆಯಾಯಿತು. ಮರುವರ್ಷ ಇಟಲಿಯ ಪ್ರಯೋಗದಲ್ಲಿ ಈ ಅಂಕಿಗಳು ಕ್ರಮವಾಗಿ 54.8 ಮತ್ತು 40.4. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರ ಏಪ್ರಿಲ್‌ನಲ್ಲಿ ಜಿ.ಐ. ಜೀನಿಯಸ್ ಎಂಬ ಇಂಥ ಸಾಧನಕ್ಕೆ ಅನುಮತಿ ನೀಡಿತು. ತೆರೆಯ ಮೇಲೆ ಅನುಮಾನದ ತಾಣ ಬಂದ ಕೂಡಲೇ ಅದರ ಸುತ್ತ ಹಸಿರು ಚೌಕ ಮೂಡುತ್ತದೆ. ಮುಂದಿನದು ವೈದ್ಯರ ಕೆಲಸ.

ಊರುಗೋಲಿನ ಅಪಾಯ

ಇಷ್ಟಕ್ಕೇ ಕತೆ ಮುಗಿದಿದ್ದರೆ ಇದು ಯಂತ್ರದ ಜಯಭೇರಿಯಾಗುತ್ತಿತ್ತು. ಮ್ಯಾಮೊಗ್ರಾಮಿನ ಕಡೆಯಿಂದ ಎಚ್ಚರಿಕೆ ಮೊದಲೇ ಬಂದಿತ್ತು. 1998ರಲ್ಲಿ ಅಮೆರಿಕದಲ್ಲಿ ಮ್ಯಾಮೊಗ್ರಾಮ್ ಓದುವ ಗಣಕ ವ್ಯವಸ್ಥೆಗೆ ಅನುಮತಿ ದೊರೆತು ಅದು ಬೇಗ ಹರಡಿತು. 2007ರಲ್ಲಿ ಜೋಶುವಾ ಫೆಂಟನ್ ಮತ್ತು ಸಂಗಡಿಗರು ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ದಾಖಲೆ ನೋಡಿ ಹೇಳಿದ್ದು ಬೇರೆಯೇ. ಆ ವ್ಯವಸ್ಥೆ ಬಂದ ಕೇಂದ್ರಗಳಲ್ಲಿ ಸೂಜಿ ಚುಚ್ಚಿ ಪರೀಕ್ಷಿಸುವ ಪ್ರಸಂಗಗಳು ಶೇಕಡಾ 20ರಷ್ಟು ಹೆಚ್ಚಿದವು; ಕ್ಯಾನ್ಸರಿನ ಪತ್ತೆ ಮಾತ್ರ ಗಮನಾರ್ಹವಾಗಿ ಹೆಚ್ಚಲಿಲ್ಲ. ತಪ್ಪು ಗುರುತು ಎಂದರೆ ಕಾಗದದ ಮೇಲಿನ ಅಂಕಿಯಲ್ಲ. ಒಬ್ಬ ಹೆಣ್ಣುಮಗಳ ನಿದ್ದೆಗೆಟ್ಟ ವಾರ ಅದು.

ಕರುಳಿನ ವಿಷಯದಲ್ಲೂ ಹೆಚ್ಚುವರಿಯಾಗಿ ಸಿಕ್ಕಿದವುಗಳಲ್ಲಿ ಬಹುಪಾಲು ಐದು ಮಿಲಿಮೀಟರಿಗಿಂತ ಚಿಕ್ಕ ಮೊಳಕೆಗಳು. ಅವುಗಳಲ್ಲಿ ಎಷ್ಟು ನಿಜಕ್ಕೂ ಅಪಾಯಕ್ಕೆ ತಿರುಗುತ್ತಿದ್ದವು ಎಂಬುದು ಚರ್ಚೆಯ ವಿಷಯ. 2025ರಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಬಿ.ಎಂ.ಜೆ.ಯಲ್ಲಿ ಪ್ರಕಟವಾದ ತಜ್ಞರ ಮಾರ್ಗಸೂಚಿ, ಇಂಥ ಸಾಧನದ ವಾಡಿಕೆಯ ಬಳಕೆ ಸದ್ಯಕ್ಕೆ ಬೇಡ ಎಂಬ ಕಡೆಗೆ, ದೃಢವಲ್ಲದ ಮಾತಿನಲ್ಲಿಯೇ, ವಾಲಿತು. ಎಲ್ಲ ತಜ್ಞ ಮಂಡಳಿಗಳೂ ಅದನ್ನು ಒಪ್ಪಿಲ್ಲ.

ಅದೇ ವರ್ಷ ಪೋಲೆಂಡಿನಿಂದ ಬಂದ ಸುದ್ದಿ ಇನ್ನಷ್ಟು ಯೋಚನೆಗೆ ಹಚ್ಚುವಂಥದು. ಅಲ್ಲಿನ ನಾಲ್ಕು ಕೇಂದ್ರಗಳಲ್ಲಿ ಗಣಕದ ನೆರವು ಬರುವ ಮುಂಚೆ ಮತ್ತು ಬಂದ ನಂತರ, ನೆರವಿಲ್ಲದೆಯೇ ನಡೆಸಿದ 1,443 ಕೊಲೊನೋಸ್ಕೋಪಿಗಳನ್ನು ಹೋಲಿಸಲಾಯಿತು. ಅಡಿನೋಮಾ ಪತ್ತೆಯ ಪ್ರಮಾಣ ಶೇಕಡಾ 28.4ರಿಂದ 22.4ಕ್ಕೆ ಇಳಿದಿತ್ತು. ಆ ವೈದ್ಯರು ಒಬ್ಬೊಬ್ಬರೂ ಎರಡು ಸಾವಿರಕ್ಕೂ ಹೆಚ್ಚು ಪರೀಕ್ಷೆ ಮಾಡಿದ ಅನುಭವಿಗಳು. ಇದೊಂದೇ ಅಧ್ಯಯನದಿಂದ ಕಾರಣ ಸಿದ್ಧವಾಗುವುದಿಲ್ಲ, ನಿಜ. ಆದರೂ ಊರುಗೋಲು ಹಿಡಿದು ಅಭ್ಯಾಸವಾದ ಕಾಲು ಕೋಲಿಲ್ಲದಾಗ ತಡವರಿಸುವಂತೆ ಕಣ್ಣೂ ತಡವರಿಸಬಹುದೇ ಎಂಬ ಪ್ರಶ್ನೆಯನ್ನು ಅದು ಎತ್ತಿದೆ. ವೈದ್ಯರ ಮಾತಿಗೆ ಯಂತ್ರವನ್ನು ಕಾವಲಿಟ್ಟ ಹಾಗೆ, ಯಂತ್ರದ ಮಾತಿಗೆ ವೈದ್ಯರ ಕಣ್ಣೂ ಕಾವಲಿರಬೇಕು.

ನಿಟ್ಟೂರಿನಿಂದ ನೋಡಿದರೆ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ನಿಟ್ಟೂರು, ತೆಂಗು ಅಡಿಕೆ ತೋಟಗಳ ನಡುವಣ ಒಂದು ಹೋಬಳಿ ಕೇಂದ್ರ. ಅಲ್ಲಿಂದ ರೈಲು ಹತ್ತಿದರೆ ಕೆಲವೇ ಗಂಟೆಗಳಲ್ಲಿ ಬೆಂಗಳೂರು ಸಿಗುತ್ತದೆ. ಆ ಬೆಂಗಳೂರು ಜಗತ್ತಿನ ವೈದ್ಯಕೀಯ ಚಿತ್ರಗಳ ದೊಡ್ಡ ಕಾರ್ಖಾನೆಗಳಲ್ಲಿ ಒಂದು. ಸ್ಕ್ಯಾನಿಂಗ್ ಯಂತ್ರಗಳನ್ನು ತಯಾರಿಸುವ ಬಹುರಾಷ್ಟ್ರೀಯ ಕಂಪನಿಗಳ ಸಂಶೋಧನಾ ಕೇಂದ್ರಗಳು ಅಲ್ಲಿವೆ. ಡಾ. ಅರ್ಜುನ್ ಕಲ್ಯಾಣಪುರ ಮತ್ತು ಡಾ. ಸುನೀತಾ ಮಹೇಶ್ವರಿ 2002ರಲ್ಲಿ ಕಟ್ಟಿದ ಸಂಸ್ಥೆಯಿಂದ ವೈದ್ಯರು ಅಮೆರಿಕದ ಆಸ್ಪತ್ರೆಗಳ ರಾತ್ರಿಯ ಸ್ಕ್ಯಾನ್‌ಗಳನ್ನು ಓದಿ ವರದಿ ಕಳಿಸುತ್ತ ಬಂದಿದ್ದಾರೆ. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು. ಗೀತಾ ಮಂಜುನಾಥ್ 2016ರಲ್ಲಿ ಆರಂಭಿಸಿದ ನಿರಾಮಯಿ ಸಂಸ್ಥೆ ಶಾಖದ ಚಿತ್ರದಿಂದ ಸ್ತನ ಕ್ಯಾನ್ಸರಿನ ಸುಳಿವು ಹಿಡಿಯಲು ಗಣಕವನ್ನು ದುಡಿಸಿದೆ.

ಹೀಗಿದ್ದೂ ನಿಟ್ಟೂರು ಹೋಬಳಿಯ ಒಬ್ಬ ರೈತನಿಗೆ ಹಸಿರು ಚೌಕದಿಂದ ಏನು ಪ್ರಯೋಜನ ಎಂದು ಕೇಳಿದರೆ ನೇರ ಉತ್ತರ ಕಷ್ಟ. ಭಾರತದಲ್ಲಿ ಕರುಳಿನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಿಮೆ. 1982ರಿಂದ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ನಡೆಸಿಕೊಂಡು ಬಂದಿರುವ ಕ್ಯಾನ್ಸರ್ ನೋಂದಣಿಯಂಥ ದಾಖಲೆಗಳಿಂದಲೇ ಇದು ತಿಳಿದದ್ದು. ಆದ್ದರಿಂದ ಸರ್ಕಾರದ ಸಾಮೂಹಿಕ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ ಮೀಸಲಾಗಿದೆ. ಆರೋಗ್ಯವಂತರಿಗೆಲ್ಲ ಕೊಲೊನೋಸ್ಕೋಪಿ ಮಾಡಿಸುವ ಯೋಜನೆ ಇಲ್ಲ; ಇರುವ ಹಣದಲ್ಲಿ ಅದು ಸರಿಯಾದ ಆಯ್ಕೆಯೂ ಹೌದು.

ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ಹಳ್ಳಿಗಳಲ್ಲಿ ಮಲದಲ್ಲಿ ರಕ್ತ ಕಂಡರೆ ಮೊದಲು ನೆನಪಾಗುವುದು ಮೂಲವ್ಯಾಧಿ. ಉಷ್ಣವಾಗಿದೆ ಎಂದು ಮಜ್ಜಿಗೆ ಕುಡಿಯುವುದು, ನಾಟಿ ಔಷಧಿ ಮಾಡುವುದು, ಹೇಳಿಕೊಳ್ಳಲು ನಾಚಿಕೊಂಡು ಸುಮ್ಮನಿರುವುದು. ಬಹಳ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ. ಕೆಲವು ಸಲ ಆಗಿರುವುದಿಲ್ಲ, ಮತ್ತು ತಿಂಗಳುಗಳು ಕಳೆದುಹೋಗಿರುತ್ತವೆ. ಇಲ್ಲಿ ತಪ್ಪಿಹೋಗುವ ಮೊಳಕೆ ಯಾವ ವೈದ್ಯರ ಕಣ್ಣೂ ದಾಟಿ ಹೋದದ್ದಲ್ಲ. ಅದು ಯಾವ ಚಿತ್ರದ ಒಳಗೂ ಬಂದದ್ದೇ ಇಲ್ಲ. ಗಣಕ ಎಷ್ಟೇ ಚುರುಕಾಗಿರಲಿ, ತೆಗೆಯದ ಚಿತ್ರವನ್ನು ಓದಲಾರದು.

ಈ ಅಂತರವನ್ನು ದಾಟುವ ಮಾದರಿಯೂ ಕರ್ನಾಟಕದಲ್ಲೇ ಇದೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಕುರುಡು ತರುವ ಅಕ್ಷಿಪಟಲದ ರೋಗವನ್ನು ಹಿಡಿಯಲು 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿದರು. ಅಲ್ಲಿ ಕೂಸನ್ನು ಬೆಂಗಳೂರಿಗೆ ತರಲಿಲ್ಲ, ಕ್ಯಾಮೆರಾವನ್ನು ಜಿಲ್ಲೆಗಳಿಗೆ ಒಯ್ದರು. ತರಬೇತಿ ಪಡೆದ ತಂತ್ರಜ್ಞರು ಕೂಸಿನ ಕಣ್ಣಿನ ಚಿತ್ರ ತೆಗೆದು, ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿ, ದೂರದ ತಜ್ಞರಿಗೆ ಕಳಿಸಿದರು. ಕರುಳಿನ ದರ್ಶಕ ಕಣ್ಣಿನ ಕ್ಯಾಮೆರಾದಷ್ಟು ಹಗುರವಲ್ಲ. ಆದರೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹಿಡಿಯುವ ಅಗ್ಗದ ಪರೀಕ್ಷೆಗಳಿವೆ. ಯಾರಿಗೆ ದರ್ಶಕ ಬೇಕು, ಯಾರಿಗೆ ಬೇಡ ಎಂದು ಆರಿಸಲು ಅವು ಹೋಬಳಿಯ ಮಟ್ಟದಲ್ಲೂ ನೆರವಾಗಬಲ್ಲವು.

ನೂರು ವರ್ಷಗಳ ಈ ಕತೆಯಲ್ಲಿ ಪ್ರತಿಯೊಂದು ಹೊಸ ಸಾಧನವೂ ಹಳೆಯ ಕುರುಡನ್ನು ನೀಗಿ ಹೊಸದೊಂದನ್ನು ತೋರಿಸಿಕೊಟ್ಟಿದೆ. ಕ್ಷ-ಕಿರಣಕ್ಕೆ ನೆರಳಿನ ಮಿತಿ, ದರ್ಶಕಕ್ಕೆ ಗಮನದ ಮಿತಿ, ಗಣಕಕ್ಕೆ ವಿವೇಚನೆಯ ಮಿತಿ. ಇವೆಲ್ಲಕ್ಕೂ ಮೊದಲು ಬರುವ ನೋಟ ರೋಗಿಯದೇ. ಮಲದಲ್ಲಿ ರಕ್ತ, ಕೆಲವು ವಾರಗಳಿಂದ ಬದಲಾದ ಮಲವಿಸರ್ಜನೆಯ ಅಭ್ಯಾಸ, ಕಾರಣ ತಿಳಿಯದ ರಕ್ತಹೀನತೆ ಅಥವಾ ತೂಕ ಇಳಿಯುವಿಕೆ, ಹತ್ತಿರದ ಬಂಧುಗಳಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿರುವುದು: ಇವುಗಳಲ್ಲಿ ಯಾವುದಿದ್ದರೂ ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಬೇಕು. ಇದು ಮೂಲವ್ಯಾಧಿಯೇ ಹೌದೇ ಎಂದು ಕೇಳಬೇಕು. ನಿಟ್ಟೂರಿನ ಪರೀಕ್ಷೆ ಅಲ್ಲಿಂದ ಆರಂಭವಾಗುತ್ತದೆ. ಮೈಸೂರಿನ ಎಂಜಿನಿಯರರ ಗಣಿತಕ್ಕೂ ಸಿಚುವಾನಿನ ಗಣಕಕ್ಕೂ ಕೆಲಸ ಸಿಗುವುದು ಅದರ ನಂತರ.